ಸಹಾಯ ಬೇಕು: ಲಿಟರ್ ಟ್ರೇ ಬಿಟ್ಟು ಸೀರೆ ಮೇಲೆ ಉಚ್ಚೆ ಮಾಡುವ ಬೆಕ್ಕು

ಎಲ್ಲರಿಗೂ ನಮಸ್ಕಾರ. ನಮ್ಮ ಗುಂಡನಿಗೆ 4 ವರ್ಷ. ಗಂಡು ಬೆಕ್ಕು, ಮರಿಯಾಗದಂತೆ ಆಪರೇಷನ್ ಆಗಿದೆ. ಮರಿಯಾಗಿದ್ದಾಗಿನಿಂದ ಲಿಟರ್ (ಬೆಕ್ಕಿನ ಕಕ್ಕ-ಉಚ್ಚೆಗೆಂದೇ ಹಾಕುವ ಮರಳಿನಂಥದ್ದು) ತುಂಬಿದ ಟ್ರೇನಲ್ಲೇ ಹೋಗುತ್ತಿದ್ದ. ಮೂರು ವಾರದಿಂದ ಕಕ್ಕ ಮಾತ್ರ ಅಲ್ಲಿ, ಉಚ್ಚೆಗೆ ಬೇರೆ ಜಾಗ! ಟ್ರೇ ಅಂಚಿಗೆ ಮುಂಗಾಲು ಇಡುತ್ತಾನೆ, ಮೂಸುತ್ತಾನೆ, ಕಾಲು ಕೊಡವಿ ಇಳಿಯುತ್ತಾನೆ. ಆಮೇಲೆ ನೇರವಾಗಿ ಅಮ್ಮ ಮಡಿಸಿಟ್ಟ ಕಾಟನ್ ಸೀರೆಗಳ ಮೇಲೆ. ಮನೆಯಲ್ಲಿ ನನ್ನ ಪರಿಸ್ಥಿತಿ ಕೇಳಬೇಡಿ.

ಮೊದಲು ಡಾಕ್ಟರ್ ಹತ್ತಿರ ಓಡಿದೆ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು ಅಲ್ವಾ, ಆ ಭಯ. ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಎರಡೂ ಆಯಿತು. ಸೋಂಕಿಲ್ಲ, ಕಲ್ಲಿಲ್ಲ.

ಯೋಚಿಸಿದರೆ ತಪ್ಪು ನನ್ನದೇ ಇರಬೇಕು. ಕಡಿಮೆ ಬೆಲೆಗೆ ಸಿಕ್ಕಿತೆಂದು ಲ್ಯಾವೆಂಡರ್ ವಾಸನೆಯ ಲಿಟರ್ ತಂದಿದ್ದೆ. ಅದೇ ವಾರ ವಾಷಿಂಗ್ ಮೆಷಿನ್ ಕೂಡ ಬಾಲ್ಕನಿಗೆ, ಟ್ರೇ ಪಕ್ಕಕ್ಕೇ ಬಂತು. ಅದು ಗಡಗಡ ಅಂದರೆ ಗುಂಡ ಮಂಚದ ಕೆಳಗೆ. ಈಗ ಹಳೆಯ, ವಾಸನೆಯಿಲ್ಲದ ಲಿಟರ್‌ಗೆ ವಾಪಸ್ ಬಂದಿದ್ದೇನೆ. ನೆಲಕ್ಕೆ ಫಿನಾಯಿಲ್ ಹಾಕುತ್ತಿದ್ದೆ, ಬೆಕ್ಕಿಗೆ ಅದು ವಿಷ ಎಂದು ಡಾಕ್ಟರ್ ಬೈದ ಮೇಲೆ ಉಚ್ಚೆಯ ವಾಸನೆ ತೆಗೆಯುವ ಎನ್‌ಜೈಮ್ ಕ್ಲೀನರ್ ತಂದೆ. ಆದರೂ ಸೀರೆಯೇ ಬೇಕು ಅವನಿಗೆ.

ಒಂದು ಬೆಕ್ಕಿಗೆ ಎರಡು ಟ್ರೇ ಇಡಬೇಕಂತೆ. ನಮ್ಮದು ಒಂದು ಬೆಡ್‌ರೂಮಿನ ಮನೆ. ಚಿಕ್ಕ ಮನೆಯಲ್ಲಿ ಎರಡನೆಯದನ್ನು ನೀವು ಎಲ್ಲಿಟ್ಟಿದ್ದೀರಿ? ಲಿಟರ್ ಜೊತೆ ಸ್ವಲ್ಪ ಮಣ್ಣು ಬೆರೆಸಿ ನೋಡಿದವರಿದ್ದೀರಾ? ಮುಚ್ಚಳದ ಟ್ರೇ ಒಳ್ಳೆಯದಾ, ತೆರೆದದ್ದಾ?

ಮೂಗು ತಿಕ್ಕಿ ಎರಡೇಟು ಹಾಕಿ ಅನ್ನುವ ಸಲಹೆ ಮಾತ್ರ ಬೇಡ. ಅದನ್ನು ಕೆಳಗಿನ ಮನೆ ಅಂಕಲ್ ಆಗಲೇ ಕೊಟ್ಟಿದ್ದಾರೆ.