ಸ್ನಾತಕೋತ್ತರ ಓದಿನ ಮೊದಲ ತಿಂಗಳುಗಳು: ನಿಮಗೆ ವಿಶ್ವವಿದ್ಯಾಲಯ ಕಲಿಸಿದ್ದೇನು?

ಕೋರಿಕೆ

ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಎಂ.ಎಸ್‌ಸಿ.ಗೆ ಸೀಟು ಸಿಕ್ಕಿ, ಊರು ಬಿಟ್ಟು ಹಾಸ್ಟೆಲ್ ಸೇರಿ ಮೂರು ತಿಂಗಳಾಯಿತು. ಪಾಠ ಅರ್ಥವಾಗುತ್ತದೆ, ಆದರೆ ತರಗತಿಯಲ್ಲಿ ಬಾಯಿ ಬಿಡಲು ಆಗುತ್ತಿಲ್ಲ. ಮುಂದಿನ ತಿಂಗಳು ಸೆಮಿನಾರ್ ಇದೆ. ನಮ್ಮ ಮನೆಯಲ್ಲಿ ಇಷ್ಟು ಓದಿದವರು ಬೇರೆ ಯಾರೂ ಇಲ್ಲ. ಈ ಹಾದಿಯಲ್ಲಿ ನಡೆದು ಬಂದ ಅಣ್ಣ-ಅಕ್ಕಂದಿರು ತಮ್ಮ ಅನುಭವ ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ

ನಾನು ಧಾರವಾಡದಲ್ಲಿ ಭೂವಿಜ್ಞಾನ ಓದಿದವಳು. ಮೊದಲ ಸೆಮಿಸ್ಟರ್ ಪೂರ್ತಿ ನಾನೂ ನಿಮ್ಮಂತೆಯೇ ಇದ್ದೆ. ಸರ್ ಪ್ರಶ್ನೆ ಕೇಳುವ ಸೂಚನೆ ಕಂಡ ಕೂಡಲೇ ನೋಟ್ಸ್ ಬರೆಯುವವಳಂತೆ ತಲೆ ತಗ್ಗಿಸುತ್ತಿದ್ದೆ. ಎಷ್ಟೋ ಸಲ ಉತ್ತರ ಗೊತ್ತಿರುತ್ತಿತ್ತು. ಅದನ್ನು ಮನಸ್ಸಿನಲ್ಲಿ ಇಂಗ್ಲಿಷಿಗೆ ತಿರುಗಿಸಿ, ವಾಕ್ಯ ಸರಿಯಿದೆಯೇ ಎಂದು ನೋಡಿಕೊಳ್ಳುವಷ್ಟರಲ್ಲಿ ಬೇರೆಯವರು ಹೇಳಿ ಮುಗಿಸಿರುತ್ತಿದ್ದರು.

ಎರಡನೆಯ ಸೆಮಿಸ್ಟರಿನಲ್ಲಿ ನಮ್ಮನ್ನು ಫೀಲ್ಡ್ ವರ್ಕ್‌ಗೆಂದು ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಕರೆದೊಯ್ದರು. ಅಲ್ಲಿರುವುದು ದಿಂಬು ಲಾವಾ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ ತಟ್ಟನೆ ತಣಿದು, ದಿಂಬುಗಳನ್ನು ಪೇರಿಸಿಟ್ಟ ಹಾಗೆ ಗಟ್ಟಿಯಾದ ಬಂಡೆಗಳವು. ಆ ಸ್ಥಳವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಿದ್ದಾರೆ. ಬಂಡೆಯ ಮುಂದೆ ನಿಂತು ಸರ್ ಒಂದೇ ಪ್ರಶ್ನೆ ಕೇಳಿದರು: ಈ ಲಾವಾ ಹರಿದಾಗ ಮೇಲಿದ್ದ ಬದಿ ಯಾವುದು? ಭೂಮಿಯ ಪದರಗಳು ಮಡಿಚಿಕೊಂಡು ಕೆಲವೆಡೆ ತಲೆಕೆಳಗಾಗಿರುವುದರಿಂದ, ಇಂದು ಮೇಲೆ ಕಾಣುವುದೆಲ್ಲ ಅಂದೂ ಮೇಲೇ ಇತ್ತು ಎಂದು ಹೇಳುವಂತಿಲ್ಲ.

ಯಾರೂ ಮಾತನಾಡಲಿಲ್ಲ. ನನಗೆ ನಮ್ಮಪ್ಪ ನೆನಪಾದರು. ಅವರು ಎಪಿಎಂಸಿಯಲ್ಲಿ ಹಮಾಲಿ. ಜೋಳದ ಚೀಲಗಳ ಥಪ್ಪಿ ಹಚ್ಚುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಮೇಲಿನ ಚೀಲದ ಅಡಿಭಾಗ ಕೆಳಗಿನ ಎರಡು ಚೀಲಗಳ ನಡುವಿನ ಸಂದಿಗೆ ಇಳಿದು ಚೂಪಾಗುತ್ತದೆ, ಅದರ ಬೆನ್ನು ಮಾತ್ರ ಉಬ್ಬಿಕೊಂಡೇ ಇರುತ್ತದೆ. ಬಂಡೆಯ ಮೇಲೂ ನನಗೆ ಅದೇ ಕಂಡಿತು. ಇಂಗ್ಲಿಷ್ ಹುಡುಕುವುದನ್ನು ಬಿಟ್ಟು, ಕೈಯಿಂದ ಸಂದಿ ತೋರಿಸುತ್ತಾ, ಕನ್ನಡದಲ್ಲಿಯೇ ಹೇಳಿಬಿಟ್ಟೆ. ಸರ್ ನನ್ನ ಫೀಲ್ಡ್ ಪುಸ್ತಕದಲ್ಲಿ ಚಿತ್ರ ಬರೆಯಿಸಿ, ಅದರ ಕೆಳಗೆ ಇಂಗ್ಲಿಷಿನ ಎರಡು ಸಾಲುಗಳನ್ನು ತಾವೇ ಬರೆದುಕೊಟ್ಟು, ಸಂಜೆ ಎಲ್ಲರ ಮುಂದೆ ಅದನ್ನು ವಿವರಿಸಲು ಹೇಳಿದರು. ಕಾಲು ನಡುಗಿದರೂ ವಿವರಿಸಿದೆ, ಏಕೆಂದರೆ ಅದು ನಾನು ಬಾಯಿಪಾಠ ಮಾಡಿದ ವಿಷಯವಾಗಿರಲಿಲ್ಲ, ಕಣ್ಣಾರೆ ಕಂಡದ್ದಾಗಿತ್ತು.

ಅಲ್ಲಿಯವರೆಗೆ ನಾನು ಬರಿಗೈಯಲ್ಲಿ ವಿಶ್ವವಿದ್ಯಾಲಯಕ್ಕೆ ಬಂದಿದ್ದೇನೆಂದೇ ನಂಬಿದ್ದೆ. ಆಮೇಲೆ ಪ್ರತಿ ಪಾಠದಲ್ಲಿಯೂ ಇದನ್ನು ನಾನು ಎಲ್ಲಿಯಾದರೂ ನೋಡಿದ್ದೇನೆಯೇ ಎಂದು ಹುಡುಕತೊಡಗಿದೆ. ಬಾವಿ ತೋಡುವಾಗ ಮೊದಲು ಮಣ್ಣು, ಅದರಡಿ ಗರಸು, ಅದರಡಿ ಗಟ್ಟಿ ಕಲ್ಲು ಸಿಗುವುದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಶಿಲೆ ಶಿಥಿಲವಾಗುವ ಬಗೆಯನ್ನು ಓದುವಾಗ ಪುಸ್ತಕದಲ್ಲಿ ಇದ್ದದ್ದೂ ಅದೇ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ದಕ್ಷಿಣ ಭಾರತದ ಚಿನ್ನದ ಅದಿರಿರುವ ಶಿಲಾಸಮೂಹಕ್ಕೆ ಕೊಟ್ಟ ಹೆಸರು ಕೂಡ ‘ಧಾರವಾಡ’. ಹೊರದೇಶದವರು ಬರೆದ ಪುಸ್ತಕದಲ್ಲಿ ಆ ಹೆಸರನ್ನು ಮೊದಲ ಸಲ ಓದಿದ ದಿನ ನನಗಾದ ಸಂತೋಷವನ್ನು ಇಂದಿಗೂ ಮರೆತಿಲ್ಲ.

ಹಾಗೆಂದು ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ, ಅದು ಬೇಕೇ ಬೇಕು. ಎರಡು ವರ್ಷ ಪ್ರತಿ ರಾತ್ರಿ ಪಠ್ಯದ ಒಂದು ಪುಟವನ್ನು ಗಟ್ಟಿಯಾಗಿ ಓದಿದ್ದರಿಂದಲೇ ನನ್ನ ನಾಲಿಗೆ ಹೊರಳಿತು. ಆದರೆ ಕ್ರಮ ಮುಖ್ಯ. ನನ್ನ ಮೊದಲ ಸೆಮಿನಾರನ್ನು ಪೂರ್ತಿ ಕಂಠಪಾಠ ಮಾಡಿದ್ದೆ. ನಡುವೆ ಒಬ್ಬರು ಪ್ರಶ್ನೆ ಕೇಳಿದರು, ಎಳೆ ತಪ್ಪಿತು, ಮುಂದಿನ ವಾಕ್ಯ ಬರಲೇ ಇಲ್ಲ. ಎರಡನೆಯದಕ್ಕೆ ವಿಷಯವನ್ನು ಮೊದಲು ಕನ್ನಡದಲ್ಲಿ, ಬೇರೆ ವಿಭಾಗದಲ್ಲಿ ಓದುತ್ತಿದ್ದ ರೂಮ್‌ಮೇಟ್‌ಗೆ ಹೇಳಿದೆ. ಅವಳಿಗೆ ಅರ್ಥವಾಗದ ಕಡೆಗಳಲ್ಲೆಲ್ಲ ನನಗೂ ಅರ್ಥವಾಗಿರಲಿಲ್ಲ ಎಂಬುದು ಆಗ ತಿಳಿಯಿತು. ಅವನ್ನು ಸರಿಪಡಿಸಿಕೊಂಡ ಮೇಲೆ, ಪಾರಿಭಾಷಿಕ ಪದಗಳನ್ನು ಹಾಗೆಯೇ ಇಟ್ಟುಕೊಂಡು, ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿದೆ.

ಎರಡನೆಯ ಉತ್ತರ

ಅಕ್ಕನವರು ಓದಿನ ಬಗ್ಗೆ ಹೇಳಿದ್ದಾರೆ. ನಾನು ಊಟದ ಬಗ್ಗೆ ಹೇಳುತ್ತೇನೆ. ನಾವಿದ್ದ ಹಾಸ್ಟೆಲಿನಲ್ಲಿ ತಿಂಗಳ ಒಟ್ಟು ಖರ್ಚನ್ನು ಊಟ ಮಾಡಿದವರ ಮೇಲೆ ಹಂಚುತ್ತಿದ್ದರು. ಒಂದು ವರ್ಷ ವಿದ್ಯಾರ್ಥಿವೇತನ ತಡವಾಯಿತು. ಬಾಕಿ ಬೆಳೆಯಬಾರದೆಂದು ನಾನು ಯಾರಿಗೂ ಹೇಳದೆ ರಾತ್ರಿಯ ಊಟ ಬಿಟ್ಟು, ಬನ್ನು ತಿಂದು ನೀರು ಕುಡಿದು ಮಲಗುತ್ತಿದ್ದೆ. ಮನೆಗೆ ಫೋನ್ ಮಾಡಿದಾಗ ಊಟವಾಯಿತೆಂದು ಸುಳ್ಳು ಹೇಳುತ್ತಿದ್ದೆ. ಐದು ವಾರಗಳ ನಂತರ ಪ್ರಯೋಗಾಲಯದಲ್ಲಿ ತಲೆ ಸುತ್ತಿ ಬಿದ್ದೆ. ಆಗ ಗೊತ್ತಾಯಿತು, ನಮ್ಮ ಸಾಲಿನ ಇನ್ನೂ ಮೂವರು ಇದನ್ನೇ ಮಾಡುತ್ತಿದ್ದರು, ಗೋಡೆಯ ಆಚೆ ಈಚೆ ಇದ್ದುಕೊಂಡೇ. ನಾಲ್ವರೂ ಸೇರಿ ವಾರ್ಡನ್ ಬಳಿಗೆ ಹೋದೆವು. ವೇತನ ಬರುವವರೆಗೆ ಬಾಕಿ ಇಡಲು ಅವರು ಒಂದು ಅರ್ಜಿಯ ಮೇಲೆ ಒಪ್ಪಿದರು. ಇಡೀ ಮಾತುಕತೆ ಹತ್ತು ನಿಮಿಷದಲ್ಲಿ ಮುಗಿಯಿತು. ನೀವು ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಜಾಲತಾಣ) ಅರ್ಜಿ ಹಾಕಿದ್ದರೆ, ನಿಮ್ಮ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಈ ವಾರವೇ ಬ್ಯಾಂಕಿಗೆ ಹೋಗಿ ವಿಚಾರಿಸಿ. ಅದು ಆಗಿರದಿದ್ದರೆ ಮಂಜೂರಾದ ಹಣವೂ ಕೈಗೆ ಬರುವುದಿಲ್ಲ.

ಮೂರನೆಯ ಉತ್ತರ

ತರಗತಿಯಲ್ಲಿ ಕೇಳಲಾಗದಿದ್ದರೆ, ಪಾಠ ಮುಗಿದ ದಿನವೇ ಪ್ರಾಧ್ಯಾಪಕರ ಕೊಠಡಿಗೆ ಪುಸ್ತಕ ಹಿಡಿದುಕೊಂಡು ಹೋಗಿ, ಅರ್ಥವಾಗದ ಸಾಲನ್ನು ಬೆರಳಿಟ್ಟು ತೋರಿಸಿ. ನಾನು ಮೊದಲ ಬಾರಿ ಹೋದಾಗ ಬಾಗಿಲ ಬಳಿ ಬಹಳ ಹೊತ್ತು ನಿಂತಿದ್ದೆ. ಒಳಗಿದ್ದವರು ಕುರ್ಚಿ ತೋರಿಸಿ, ಯಾವ ಊರು ಎಂದು ಕನ್ನಡದಲ್ಲಿಯೇ ಮಾತು ಆರಂಭಿಸಿದರು.