1969-ಎಸ್ ಪೆನ್ನಿ: ಡಬಲ್ಡ್ ಡೈಯಾ, ಬರೀ ಸ್ಟ್ರೈಕ್ ಡಬ್ಲಿಂಗಾ?

ಲೂಪ್_ಹಿಡಿದವ:
ಲಿಂಕನ್ ಪೆನ್ನಿಗಳ (ಅಮೆರಿಕದ ಒಂದು ಸೆಂಟ್ ನಾಣ್ಯ) ರೋಲ್ ಬಿಚ್ಚಿ ಒಂದೊಂದೇ ನೋಡುತ್ತಿದ್ದೆ. 1969ರದ್ದೊಂದು ಸಿಕ್ಕಿತು, ಇಸವಿಯ ಕೆಳಗೆ ಎಸ್ ಇದೆ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯದ್ದು. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ (ಭೂತಗನ್ನಡಿ) ನಾಲ್ಕೂ ಅಂಕಿಗಳ ಪಕ್ಕ ಇನ್ನೊಂದು ಗೆರೆ ಕಾಣುತ್ತದೆ. ಲಿಬರ್ಟಿ ಅನ್ನೋ ಪದಕ್ಕೂ ಇದೆ, ಎಸ್‌ಗೂ ಇದೆ. ಇದು ಆ ಹೆಸರಾದ ಡಬಲ್ಡ್ ಡೈ, ಅಂದರೆ ಅಚ್ಚಿನಲ್ಲೇ ರೂಪ ಎರಡಾದದ್ದು ಇರಬಹುದಾ, ಇಲ್ಲಾ ನಾಣ್ಯ ಹೊಡೆಯುವಾಗ ಅಚ್ಚು ಜರುಗಿ ಆದ ಸ್ಟ್ರೈಕ್ ಡಬ್ಲಿಂಗಾ? ನಿನ್ನೆಯಿಂದ ಕೈಯಿಂದ ಕೆಳಗಿಡೋಕೆ ಆಗಿಲ್ಲ.

ಹಳೇಕಾಸು:
ಎಸ್‌ಗೂ ಇದೆ ಅಂದಿರಲ್ಲ, ಅಲ್ಲೇ ನನಗೆ ಅನುಮಾನ ಬಂತು. ಆ ಕಾಲದಲ್ಲಿ ಮಿಂಟ್ ಮಾರ್ಕ್, ಅಂದರೆ ಟಂಕಸಾಲೆಯ ಗುರುತಾದ ಈ ಎಸ್, ಅಚ್ಚನ್ನು ಒತ್ತಿ ಮಾಡುವ ಮೂಲ ಮಾದರಿಯಾದ ಹಬ್‌ನಲ್ಲಿ ಇರುತ್ತಿರಲಿಲ್ಲ. ಅಚ್ಚು ತಯಾರಾದ ಮೇಲೆ ಕೈಯಲ್ಲಿ ಪಂಚ್ ಹಿಡಿದು ಹೊಡೆಯುತ್ತಿದ್ದರು, ಪೆನ್ನಿಗಳಲ್ಲಿ 1989ರವರೆಗೂ ಹೀಗೇ ನಡೆಯಿತು. ಹಬ್ಬಿನಿಂದ ಅಚ್ಚಿಗೆ ಒತ್ತುವಾಗ ತಪ್ಪಾದರೆ ಇಸವಿ, ಅಕ್ಷರ ಎರಡಾಗುತ್ತವೆ, ಆಮೇಲೆ ಬಂದ ಎಸ್‌ಗೆ ಅದು ತಗಲೋದೇ ಇಲ್ಲ. ನಿಜವಾದ 1969-ಎಸ್ ಡಬಲ್ಡ್ ಡೈಯಲ್ಲಿ ಇಸವಿ, ಲಿಬರ್ಟಿ, ಇನ್ ಗಾಡ್ ವಿ ಟ್ರಸ್ಟ್ ಎಲ್ಲಾ ಜೋರಾಗಿ ಎರಡಾಗಿರುತ್ತವೆ, ಎಸ್ ಮಾತ್ರ ಒಂಟಿ.

ಅಚ್ಚಿನಮನೆ:
ಮೇಲಿನವರ ಮಾತು ಸರಿ. ಆದರೆ ಪಂಚ್ ಎರಡು ಸಲ ಬಿದ್ದು ಎಸ್ ಮಾತ್ರ ಬೇರೆಯಾಗಿ ಎರಡಾಗೋದೂ ಉಂಟು, ಅದಕ್ಕೆ ಎಸ್‌ನ ಗೆರೆ ಇಸವಿಯ ಗೆರೆ ಇರುವ ದಿಕ್ಕಿಗೇ ಇದೆಯಾ ನೋಡಿ.

ಜಾಸ್ತಿ ಮುಖ್ಯವಾದದ್ದು ಗೆರೆಯ ಆಕಾರ. ನಾಣ್ಯವನ್ನು ದೀಪದ ಕೆಳಗೆ ನಿಧಾನಕ್ಕೆ ವಾಲಿಸಿ. ಡಬಲ್ಡ್ ಡೈ ಆದರೆ ಎರಡನೇ ರೂಪ ಅಚ್ಚಿನಲ್ಲೇ ಕೊರೆದಿರುತ್ತದೆ, ಹಾಗಾಗಿ ಅದೂ ಅಕ್ಷರದ ಹಾಗೇ ಉಬ್ಬಿ, ದುಂಡಗೆ ನಿಲ್ಲುತ್ತದೆ. ಅಕ್ಷರ ದಪ್ಪವಾಗುತ್ತದೆ, ತುದಿಯ ಮೂಲೆಯಲ್ಲಿ ಕಚ್ಚು ಬಿದ್ದು ಎರಡಾಗಿ ಸೀಳಿದ ಹಾಗೆ ಕಾಣುತ್ತದೆ. ಸ್ಟ್ರೈಕ್ ಡಬ್ಲಿಂಗ್‌ನಲ್ಲಿ ಅಚ್ಚಿನಲ್ಲಿ ದೋಷವೇ ಇರೋದಿಲ್ಲ, ಅದು ಪ್ರೆಸ್ಸಿನಲ್ಲಿ ಸ್ವಲ್ಪ ಸಡಿಲವಾಗಿರುತ್ತದೆ ಅಷ್ಟೇ. ಏಟು ಬಿದ್ದ ಕೂಡಲೇ ಜರುಗಿ, ಆಗತಾನೇ ಎದ್ದ ಅಕ್ಷರದ ಒಂದು ಅಂಚನ್ನು ತುಳಿದುಬಿಡುತ್ತದೆ. ಹೊಸ ಲೋಹ ಎಲ್ಲಿಂದಲೂ ಬರೋದಿಲ್ಲ, ಅಕ್ಷರದ್ದೇ ಚಪ್ಪಟೆಯಾಗಿ ಪಕ್ಕದಲ್ಲಿ ತಗ್ಗಾದ, ಹೊಳೆಯುವ ಮೆಟ್ಟಿಲಿನಂತೆ ಕೂರುತ್ತದೆ. ಮೇಲೆ ಉಳಿದ ಅಕ್ಷರ ಸಣಕಲು.

ಲೂಪ್_ಹಿಡಿದವ:
ವಾಲಿಸಿ ನೋಡಿದೆ. 9ರ ಮೇಲ್ಭಾಗ ಬಳ್ಳಿಯಷ್ಟು ತೆಳ್ಳಗಿದೆ, ಪಕ್ಕದಲ್ಲಿ ಚಪ್ಪಟೆ ಮೆಟ್ಟಿಲು, ಬೆಳಕಿಗೆ ಕನ್ನಡಿ ಥರ ಮಿನುಗುತ್ತದೆ. ಕಚ್ಚು ಎಲ್ಲೂ ಇಲ್ಲ. ಎಸ್ ಕೂಡ ಅದೇ ದಿಕ್ಕಿಗೆ ಜರುಗಿದೆ. ಸ್ಟ್ರೈಕ್ ಡಬ್ಲಿಂಗೇ ಅಂತಾಯ್ತು. ಬೇಜಾರಾಯ್ತು, ನಿಜ. ಮತ್ತೆ 1955ರ ಒಂದು ಪೆನ್ನಿಯಲ್ಲಿ ಕೊನೇ 5 ಮಾತ್ರ ಎರಡಾದ ಹಾಗಿದೆ, ಅದೇನು?

ಹಳೇಕಾಸು:
ಅದು ಸವೆದ ಅಚ್ಚಿನ ಕೆಲಸ. ಸಾವಿರಾರು ಏಟು ತಿಂದ ಅಚ್ಚಿನ ಅಂಚು ಕರಗಿದಂತಾಗಿ ಅಂಕಿಗೆ ನೆರಳು ಬರುತ್ತದೆ. ಅದನ್ನು ಬಡವರ ಡಬಲ್ಡ್ ಡೈ ಅಂತ ಕರೆಯೋರಿದ್ದಾರೆ, ಆ ಹೆಸರು ನಂಬಿ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ನಿಜವಾದ 1955ರದ್ದಕ್ಕೆ ಲೂಪೇ ಬೇಡ, ಇಸವಿ ಮತ್ತು ಅಕ್ಷರಗಳೆಲ್ಲ ಎರಡೆರಡಾಗಿ ಬರಿಗಣ್ಣಿಗೇ ಕಾಣುತ್ತವೆ.

ಅಚ್ಚಿನಮನೆ:
ಆ 1969 ಪೆನ್ನಿಯನ್ನು ಖರ್ಚು ಮಾಡಬೇಡಿ. ಚೀಟಿ ಹಚ್ಚಿ ಲೂಪಿನ ಪಕ್ಕದಲ್ಲೇ ಇಟ್ಟುಕೊಳ್ಳಿ, ಮುಂದಿನ ಸಲ ಅನುಮಾನ ಬಂದರೆ ಎರಡನ್ನೂ ಜೊತೆಗಿಟ್ಟು ನೋಡಬಹುದು.