ಅಂಡಮಾನಿನಲ್ಲಿ ಹ್ಯಾವ್‌ಲಾಕ್ ಬಿಟ್ಟು ಬೇರೆಲ್ಲಿಗೆ ಹೋಗಬಹುದು?

ಪ್ರಶ್ನೆ:
ಜನವರಿ ಕೊನೆಗೆ ಅಮ್ಮನ ಜೊತೆ ಅಂಡಮಾನಿಗೆ ಹೊರಟಿದ್ದೇನೆ. ಏಳು ದಿನ ಇದೆ. ಯಾರನ್ನು ಕೇಳಿದರೂ ಸೆಲ್ಯುಲರ್ ಜೈಲು, ಹ್ಯಾವ್‌ಲಾಕ್ ದ್ವೀಪ, ನೀಲ್ ದ್ವೀಪ ಅಂತಲೇ ಹೇಳುತ್ತಾರೆ. ಜೈಲು ನೋಡಲೇಬೇಕು, ಸರಿ. ಆಮೇಲೆ ಗಲಾಟೆ ಇಲ್ಲದ ಕಡೆ ನಾಲ್ಕು ದಿನ ಇರಬೇಕು. ಅಮ್ಮನಿಗೆ 63. ಚೆನ್ನಾಗಿ ನಡೆಯುತ್ತಾರೆ, ದೊಡ್ಡ ಸಮುದ್ರದಲ್ಲಿ ದೋಣಿ ಕುಲುಕಿದರೆ ಮಾತ್ರ ಆಗುವುದಿಲ್ಲ.

ಉತ್ತರ 1:
ದಿಗ್ಲಿಪುರಕ್ಕೆ ಹೋಗಿ. ಉತ್ತರದ ತುದಿ, ಪೋರ್ಟ್ ಬ್ಲೇರ್‌ನಿಂದ ಸುಮಾರು 300 ಕಿ.ಮೀ. ಬಸ್ಸಿನಲ್ಲೇ ಹೋಗಬಹುದು. ನಾನು ಅಪ್ಪನನ್ನು ಕರೆದುಕೊಂಡು ಹಾಗೇ ಹೋಗಿದ್ದೆ. ಬೆಳಗಿನ ಜಾವ ಹೊರಟರೆ ಇಡೀ ದಿನ ಬೇಕು. ಅಮ್ಮನಿಗೆ ಜಾಸ್ತಿ ಆಯಾಸ ಅನಿಸಿದರೆ ಮಾಯಾಬಂದರ್‌ನಲ್ಲಿ ಒಂದು ರಾತ್ರಿ ಇಳಿದುಕೊಳ್ಳಿ. ಅಲ್ಲಿ ಹತ್ತಿರದ ವೆಬಿಯಲ್ಲಿ ಕರೆನ್ ಜನ ಇದ್ದಾರೆ. 1925ರಲ್ಲಿ ಬರ್ಮಾದಿಂದ ಬಂದವರ ಮಕ್ಕಳು, ಮೊಮ್ಮಕ್ಕಳು.

ದಾರಿಯಲ್ಲಿ ಜಾರವಾ ಬುಡಕಟ್ಟಿನ ಜನರ ಕಾಡು ಬರುತ್ತದೆ. ಜಿರ್ಕಾಟಾಂಗ್‌ನಲ್ಲಿ ಗಾಡಿಗಳನ್ನೆಲ್ಲ ಸೇರಿಸಿ ಸಾಲಾಗಿ ಬಿಡುತ್ತಾರೆ. ಅಲ್ಲಿ ಫೋಟೋ ತೆಗೆಯುವುದು, ತಿಂಡಿ ಕೊಡುವುದು ಎರಡೂ ಅಪರಾಧ. ದಯವಿಟ್ಟು ಫೋನ್ ಚೀಲದಲ್ಲಿ ಇಟ್ಟುಬಿಡಿ. ಅದು ಅವರ ಮನೆ. ನಮ್ಮ ಬಸ್ಸಿನಲ್ಲಿ ಒಬ್ಬರು ಕಿಟಕಿಯಿಂದ ಇಣುಕಿ ಇಣುಕಿ ಹುಡುಕುತ್ತಿದ್ದರು. ನನಗೆ ನೋಡಿ ಸಂಕಟವಾಯಿತು.

ದಿಗ್ಲಿಪುರ ಊರಿನಲ್ಲಿ ಉಳಿಯಬೇಡಿ, ಕಾಲಿಪುರದ ಕಡಲ ಹತ್ತಿರ ರೂಮು ಹಿಡಿಯಿರಿ. ನಾನು ಕುಂದಾಪುರದವಳು, ಸೂರ್ಯ ಸಮುದ್ರಕ್ಕೆ ಇಳಿಯುವುದನ್ನು ನೋಡಿ ಬೆಳೆದವಳು. ಅಲ್ಲಿ ಅವನು ಸಮುದ್ರದಿಂದ ಎದ್ದು ಬರುತ್ತಾನೆ! ಅಪ್ಪ ಮೂರು ದಿನವೂ ಆರಕ್ಕೆ ಮುಂಚೆ ದಡದಲ್ಲಿ ಕೂತಿದ್ದರು. ನೀವು ಹೋಗುವ ಹೊತ್ತಿಗೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಅರಣ್ಯ ಇಲಾಖೆಯವರ ಜೊತೆ ಹೋಗಿ, ಟಾರ್ಚ್ ಹೊಡೆಯಬೇಡಿ, ಸುಮ್ನೆ ದೂರ ನಿಲ್ಲಿ. ನಮಗೆ ಮೊದಲ ರಾತ್ರಿ ಏನೂ ಕಾಣಲಿಲ್ಲ. ಎರಡನೇ ರಾತ್ರಿ ಒಂದು ಆಮೆ ಹಿಂಗಾಲಿನಿಂದ ಗುಂಡಿ ತೋಡುವುದನ್ನು ನೋಡಿದೆವು. ಅಪ್ಪ ವಾಪಸ್ ರೂಮಿಗೆ ಬರುವವರೆಗೂ ಮಾತಾಡಲಿಲ್ಲ.

ಏರಿಯಲ್ ಬೇ ಜೆಟ್ಟಿಯಿಂದ ರಾಸ್ ಮತ್ತು ಸ್ಮಿತ್ ದ್ವೀಪಕ್ಕೆ ಸಣ್ಣ ದೋಣಿ ಸಿಗುತ್ತದೆ. ದೂರ ಕಡಿಮೆ, ಅಮ್ಮನಿಗೂ ತೊಂದರೆ ಆಗಲಿಕ್ಕಿಲ್ಲ. ಪೋರ್ಟ್ ಬ್ಲೇರ್ ಎದುರಿನ ರಾಸ್ ಬೇರೆ, ಇದು ಬೇರೆ. ಎರಡು ದ್ವೀಪದ ನಡುವೆ ಮರಳಿನ ದಾರಿ ಇದೆ, ಉಬ್ಬರದಲ್ಲಿ ಮುಳುಗುತ್ತದೆ. ಇಳಿತ ಯಾವಾಗ ಅಂತ ಜೆಟ್ಟಿಯಲ್ಲಿ ಕೇಳಿಕೊಂಡೇ ಹೊರಡಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ನನ್ನದೊಂದು ಮಾತು: ಕೊನೇ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಿ. ನಾವು ಅದೇ ದಿನ ದಿಗ್ಲಿಪುರದಿಂದ ಬಂದು ವಿಮಾನ ಹಿಡಿಯಲು ಹೋಗಿ ತಪ್ಪಿಸಿಕೊಂಡೆವು. ಇನ್ನೊಂದು, ಮೊಸಳೆ ಇದೆ ಅಂತ ಬೋರ್ಡ್ ಇರುವ ಕಡೆ ನೀರಿಗೆ ಇಳಿಯಲೇಬೇಡಿ. ಚಿಪ್ಪು, ಹವಳ ಹೆಕ್ಕಿ ತರಬೇಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಹ್ಯಾವ್‌ಲಾಕ್ ಕೈಬಿಟ್ಟೆ. 732 ಮೀಟರ್ ಎತ್ತರದ ಸ್ಯಾಡಲ್ ಪೀಕ್ ಅಲ್ಲೇ ಇದೆ ಅಲ್ವಾ? ಅಮ್ಮ ಹತ್ತಬಹುದಾ? ನಾವು ಸಸ್ಯಾಹಾರಿಗಳು, ಊಟ ಹೇಗೆ?

ಉತ್ತರ 1:
ತುದಿವರೆಗೆ ಬೇಡ, ಕಡಿದಾಗಿದೆ. ಕೆಳಗೆ ಲಾಮಿಯಾ ಬೇ ದಡದಲ್ಲಿ ಕಾಡಿನ ಅಂಚಿಗೆ ಸ್ವಲ್ಪ ದೂರ ನಡೆಯಿರಿ, ಸಾಕು. ಐದೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ, ಬೇಗ ವಾಪಸ್ಸಾಗಿ. ಅಲ್ಲಿ ಬಂಗಾಳಿಗಳು ಜಾಸ್ತಿ, ಊಟ ಅಂದರೆ ಅನ್ನ, ಮೀನು. ಅನ್ನ, ಬೇಳೆ, ಪಲ್ಯ ಕೇಳಿದರೆ ಮಾಡಿಕೊಡುತ್ತಾರೆ. ಅಮ್ಮನಿಗೆ ಉಪ್ಪಿನಕಾಯಿ ಒಂದು ಡಬ್ಬಿ ಕಟ್ಟಿಕೊಳ್ಳಿ.